ಸಂಖ್ಯೆಯ ಎಡಕ್ಕೆ ಸೊನ್ನೆ ತುಂಬುವ ಕೆಲಸ, ಫಂಕ್ಷನಲ್ ರೀತಿಯಲ್ಲಿ

ಒಂದು ಫೋಲ್ಡರ್‌ನಲ್ಲಿ ಪುಟ1, ಪುಟ2 ಹೀಗೆ ಪುಟ12ರ ತನಕ ಫೈಲ್‌ಗಳಿವೆ ಅಂದುಕೊಳ್ಳಿ. ಇವನ್ನು ಹೆಸರಿನ ಪ್ರಕಾರ ಜೋಡಿಸುವ ಪುಟ್ಟ ಪ್ರೋಗ್ರಾಂ ಬರೆದರೆ ಸಿಗುವ ಕ್ರಮ ಇದು: ಪುಟ1, ಪುಟ10, ಪುಟ11, ಪುಟ12, ಪುಟ2, ಪುಟ3. ಸ್ಟ್ರಿಂಗ್‌ಗಳನ್ನು, ಅಂದರೆ ಅಕ್ಷರಗಳ ಸಾಲುಗಳನ್ನು, ಹೋಲಿಸುವಾಗ ಕಂಪ್ಯೂಟರ್ ಎಡದಿಂದ ಒಂದೊಂದೇ ಅಕ್ಷರ ನೋಡುತ್ತದೆ. ಪುಟ10 ಮತ್ತು ಪುಟ2 ಮೊದಲು ಬೇರೆಯಾಗುವ ಜಾಗದಲ್ಲಿ ಒಂದು ಕಡೆ ‘1’ ಇದೆ, ಇನ್ನೊಂದು ಕಡೆ ‘2’ ಇದೆ. ಅಲ್ಲಿಗೆ ತೀರ್ಮಾನ ಮುಗಿಯಿತು. ಹತ್ತು ಎರಡಕ್ಕಿಂತ ದೊಡ್ಡದು ಅನ್ನುವುದು ಅದರ ಲೆಕ್ಕಕ್ಕೇ ಬರುವುದಿಲ್ಲ.

ಪುಟ01, ಪುಟ02 ಅಂತ ಬರೆದರೆ ತೊಂದರೆ ಹೋಗುತ್ತದೆ. ಎಲ್ಲ ಸಂಖ್ಯೆಗಳೂ ಒಂದೇ ಅಗಲಕ್ಕೆ ಬಂದಾಗ ಅಕ್ಷರಗಳ ಕ್ರಮ ಮತ್ತು ಸಂಖ್ಯೆಗಳ ಕ್ರಮ ಒಂದೇ ಆಗುತ್ತದೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ ‘0’ರಿಂದ ‘9’ರವರೆಗಿನ ಅಂಕಿಗಳು 48ರಿಂದ 57ರ ತನಕ ಸಾಲಾಗಿ ಕೂತಿರುವುದರಿಂದ ಇದು ಕೆಲಸ ಮಾಡುತ್ತದೆ. 1988ರಲ್ಲಿ ಬಂದ ಐಎಸ್ಒ 8601 ಮಾನದಂಡ ದಿನಾಂಕವನ್ನು 2024-03-07 ಅಂತ ಬರೆಯಲು ಹೇಳುತ್ತದೆ. ತಿಂಗಳಿಗೂ ದಿನಕ್ಕೂ ಎರಡೆರಡು ಅಂಕಿ ಇರಲೇಬೇಕು. ಹಾಗೆ ಬರೆದ ದಿನಾಂಕಗಳನ್ನು ಬರೀ ಸ್ಟ್ರಿಂಗ್‌ಗಳಂತೆ ಜೋಡಿಸಿದರೂ ಕಾಲದ ಕ್ರಮದಲ್ಲೇ ಬರುತ್ತವೆ.

ಇಷ್ಟು ಸಣ್ಣ ಕೆಲಸಕ್ಕೆ ಒಂದು ಲೇಖನ ಯಾಕೆ? ಈ ಕೆಲಸದೊಳಗೆ ಮೂರು ನಾಲ್ಕು ತೀರ್ಮಾನಗಳು ಅಡಗಿವೆ. ಹೆಚ್ಚಿನವರು ಅವನ್ನು ತಾವು ತೆಗೆದುಕೊಳ್ಳುವುದೇ ಇಲ್ಲ, ಲೈಬ್ರರಿಗೆ ಬಿಟ್ಟುಬಿಡುತ್ತಾರೆ. ಫಂಕ್ಷನಲ್ ಭಾಷೆಯಲ್ಲಿ, ಅಂದರೆ ಬೆಲೆ ಪಡೆದು ಬೆಲೆ ಕೊಡುವ ಫಂಕ್ಷನ್‌ಗಳನ್ನು ಜೋಡಿಸಿ ಪ್ರೋಗ್ರಾಂ ಕಟ್ಟುವ ಭಾಷೆಯಲ್ಲಿ, ಇದನ್ನೇ ಚಿಕ್ಕ ಚಿಕ್ಕ ಫಂಕ್ಷನ್‌ಗಳಾಗಿ ಬಿಡಿಸಿ ಬರೆದರೆ ಆ ತೀರ್ಮಾನಗಳೆಲ್ಲ ಕಣ್ಣಿಗೆ ಬೀಳುತ್ತವೆ. ನಾನು ಹ್ಯಾಸ್ಕೆಲ್ ಅನ್ನುವ ಫಂಕ್ಷನಲ್ ಭಾಷೆ ಇಟ್ಟುಕೊಂಡು ವಿವರಿಸುತ್ತೇನೆ, ನಡುವೆ ಬೇರೆ ಭಾಷೆಗಳ ಕಡೆಗೂ ನೋಡೋಣ. ಕೋಡ್ ಸಾಲುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಎಡಿಟರ್‌ನಲ್ಲಿ ಟೈಪ್ ಮಾಡುವಾಗ ಭಾಷೆಯ ಮೂಲ ಹೆಸರುಗಳನ್ನು ಹಾಕಿಕೊಳ್ಳಿ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. 7, 07, 007 ಇವು ಮೂರು ಬೇರೆ ಬೇರೆ ಇಂಟಿಜರ್‌ಗಳಲ್ಲ, ಅಂದರೆ ಪೂರ್ಣಾಂಕಗಳಲ್ಲ. ಇಂಟಿಜರ್ ಒಂದೇ, ಅದನ್ನು ಬರೆದ ರೀತಿ ಮೂರು. ಮುಂದಿನ ಸೊನ್ನೆ ಸಂಖ್ಯೆಗೆ ಸೇರಿದ್ದಲ್ಲ, ಬರವಣಿಗೆಗೆ ಸೇರಿದ್ದು. ಹಾಗಾಗಿ ‘ಮುಂದೆ ಸೊನ್ನೆ ಇರುವ ಇಂಟಿಜರ್ ಕೊಡು’ ಅಂತ ಯಾವ ಭಾಷೆಯನ್ನೂ ಕೇಳಲು ಆಗುವುದಿಲ್ಲ. ಹೊಸಬರು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಟೈಪ್‌ಗಳ (ಬೆಲೆ ಯಾವ ಬಗೆಯದು ಅನ್ನುವುದರ) ಭಾಷೆಯಲ್ಲಿ ಹೇಳುವುದಾದರೆ ನಮಗೆ ಬೇಕಾದ ಫಂಕ್ಷನ್ ಹೀಗಿರುತ್ತದೆ:

    ಪ್ಯಾಡ್ :: ಇಂಟ್ -> ಇಂಟ್ -> ಸ್ಟ್ರಿಂಗ್

ಇಂಟ್ ಅಂದರೆ ಇಂಟಿಜರ್. ಮೊದಲ ಇಂಟ್ ಅಗಲ, ಎರಡನೆಯದು ಸಂಖ್ಯೆ, ಸಿಗುವುದು ಸ್ಟ್ರಿಂಗ್. ಒಮ್ಮೆ ಸ್ಟ್ರಿಂಗ್ ಆದ ಮೇಲೆ ಅದನ್ನು ಕೂಡಿಸಲು ಕಳೆಯಲು ಕೋಡನ್ನು ಓಡಿಸುವ ಮುಂಚೆ ಓದಿ ಪರೀಕ್ಷಿಸುವ ಕಂಪೈಲರ್ ಬಿಡುವುದಿಲ್ಲ. ಅದು ಒಳ್ಳೆಯದೇ. ಲೆಕ್ಕವೆಲ್ಲ ಮುಗಿದ ಮೇಲೆ, ಹೊರಗೆ ಬರೆಯುವ ಹೊತ್ತಿಗೆ ಮಾತ್ರ ಸೊನ್ನೆ ತುಂಬಬೇಕು.

ಈಗ ಒಳಗಿನ ಕೆಲಸ. ಹ್ಯಾಸ್ಕೆಲ್‌ನಲ್ಲಿ ಸಂಖ್ಯೆಯನ್ನು ಸ್ಟ್ರಿಂಗ್ ಮಾಡುವುದು ‘ಶೋ’. ಒಂದೇ ಅಕ್ಷರವನ್ನು ಬೇಕಾದಷ್ಟು ಸಲ ಇಡುವುದು ‘ರೆಪ್ಲಿಕೇಟ್’. ಉದ್ದ ಹೇಳುವುದು ‘ಲೆಂತ್’. ಎರಡು ಸ್ಟ್ರಿಂಗ್‌ಗಳನ್ನು ಜೋಡಿಸಲು ಎರಡು ಪ್ಲಸ್ ಚಿಹ್ನೆ. ಇಷ್ಟು ಸಾಕು:

    ತುಂಬು ಅಗಲ ಅಂಕಿಗಳು = ರೆಪ್ಲಿಕೇಟ್ (ಅಗಲ - ಲೆಂತ್ ಅಂಕಿಗಳು) '0' ++ ಅಂಕಿಗಳು

    ಪ್ಯಾಡ್ ಅಗಲ ಸಂಖ್ಯೆ = ತುಂಬು ಅಗಲ (ಶೋ ಸಂಖ್ಯೆ)

‘ಪ್ಯಾಡ್ 3 7’ ಅಂದರೆ "007". ‘ಪ್ಯಾಡ್ 3 42’ ಅಂದರೆ "042". ಲೂಪ್ ಇಲ್ಲ, ಬದಲಾಗುವ ವೇರಿಯಬಲ್ ಇಲ್ಲ. ಎಷ್ಟು ಸೊನ್ನೆ ಕಡಿಮೆಯಿದೆ ಅಂತ ಲೆಕ್ಕ ಹಾಕಿ, ಅಷ್ಟನ್ನು ಮುಂದೆ ಅಂಟಿಸಿದೆವು.

ಸಂಖ್ಯೆ ಅಗಲಕ್ಕಿಂತ ದೊಡ್ಡದಾದರೆ? ‘ಪ್ಯಾಡ್ 3 12345’ ಕೊಟ್ಟಾಗ 3ರಿಂದ 5 ಕಳೆದು ಮೈನಸ್ 2 ಬರುತ್ತದೆ. ಮೈನಸ್ ಎರಡು ಸೊನ್ನೆಗಳನ್ನು ಇಡು ಅಂದರೆ ಏನರ್ಥ? ಹ್ಯಾಸ್ಕೆಲ್‌ನ ‘ರೆಪ್ಲಿಕೇಟ್’ ಇಂಥ ಕಡೆ ತಕರಾರು ಮಾಡದೆ ಖಾಲಿ ಪಟ್ಟಿ ಕೊಡುತ್ತದೆ. ಹಾಗಾಗಿ ಉತ್ತರ "12345". ಇದು ನಮ್ಮ ಅದೃಷ್ಟ, ಸರಿಯಾದ ಉತ್ತರವೂ ಹೌದು. ಅಗಲ ಅನ್ನುವುದು ಕನಿಷ್ಠ ಮಿತಿ. ಅದಕ್ಕಾಗಿ ಯಾವ ಅಂಕಿಯನ್ನೂ ಕಳೆದುಕೊಳ್ಳಬಾರದು.

ಇದನ್ನು ಒತ್ತಿ ಹೇಳಲು ಕಾರಣವಿದೆ. ನೋಡಲು ತುಂಬ ಚೆಂದವಿರುವ ಇನ್ನೊಂದು ದಾರಿ ಇದೆ. ಹ್ಯಾಸ್ಕೆಲ್‌ನಲ್ಲಿ ಕೊನೆಯೇ ಇಲ್ಲದ ಪಟ್ಟಿ ಮಾಡಬಹುದಲ್ವಾ? ಅಂಕಿಗಳನ್ನು ತಿರುಗಿಸಿ, ಹಿಂದೆ ಕೊನೆಯಿಲ್ಲದ ಸೊನ್ನೆಗಳ ಸಾಲು ಅಂಟಿಸಿ, ಬೇಕಾದಷ್ಟು ಮಾತ್ರ ತೆಗೆದುಕೊಂಡು, ಮತ್ತೆ ತಿರುಗಿಸುವುದು:

    ರಿವರ್ಸ್ (ಟೇಕ್ ಅಗಲ (ರಿವರ್ಸ್ ಅಂಕಿಗಳು ++ ರಿಪೀಟ್ '0'))

7ನ್ನು ಕೊಟ್ಟರೆ "007" ಬರುತ್ತದೆ. 42ಕ್ಕೂ ಸರಿ. ಈಗ 1234 ಕೊಡಿ. ತಿರುಗಿಸಿದರೆ "4321", ಮೊದಲ ಮೂರು "432", ಮತ್ತೆ ತಿರುಗಿಸಿದರೆ "234". ಸಾವಿರದ ಸ್ಥಾನವೇ ಮಾಯ! ದೋಷದ ಸುದ್ದಿಯೂ ಬರುವುದಿಲ್ಲ, ಕಂಪೈಲರ್‌ಗೂ ಬೇಸರವಿಲ್ಲ. ಬಿಲ್‌ನ ನಂಬರ್ 1234 ಹೋಗಿ 234 ಆದರೆ ಯಾರಿಗೂ ಮೊದಲು ತಿಳಿಯುವುದೇ ಇಲ್ಲ, ಯಾಕೆಂದರೆ 234 ಕೂಡ ನಿಜವಾದ ಬಿಲ್ ನಂಬರೇ. ಜಾಣತನದ ಕೋಡ್‌ಗಿಂತ ಮೊದಲಿನ ಸಾದಾ ಕೋಡ್ ಮೇಲು. ಪುಟ್ಟದೇ ಬೇಕು ಅನ್ನುವವರಿಗೆ ಇದೂ ಇದೆ:

    ಡ್ರಾಪ್ (ಲೆಂತ್ ಅಂಕಿಗಳು) (ರೆಪ್ಲಿಕೇಟ್ ಅಗಲ '0') ++ ಅಂಕಿಗಳು

ಮೊದಲು ಪೂರ್ತಿ ಅಗಲಕ್ಕೆ ಸೊನ್ನೆ ಇಡು, ಅಂಕಿಗಳು ಎಷ್ಟಿವೆಯೋ ಅಷ್ಟು ಸೊನ್ನೆ ಬಿಸಾಡು, ಉಳಿದದ್ದರ ಹಿಂದೆ ಅಂಕಿಗಳನ್ನು ಅಂಟಿಸು. ಸಂಖ್ಯೆ ಉದ್ದವಾದರೆ ಸೊನ್ನೆಗಳೆಲ್ಲ ಹೋಗುತ್ತವೆ, ಅಂಕಿಗಳು ಉಳಿಯುತ್ತವೆ. ಕಳೆಯುವ ಲೆಕ್ಕವೇ ಇಲ್ಲದ್ದರಿಂದ ಮೈನಸ್ ಬರುವ ಪ್ರಶ್ನೆಯೂ ಇಲ್ಲ. ನನಗೆ ಇದು ಇಷ್ಟ.

ಇನ್ನು ಋಣ ಸಂಖ್ಯೆಗಳು. ನಮ್ಮ ‘ಪ್ಯಾಡ್’ಗೆ ಅಗಲ 3, ಸಂಖ್ಯೆ ಮೈನಸ್ 5 ಕೊಡಿ. ‘ಶೋ’ ಕೊಡುವುದು "-5", ಅದರ ಉದ್ದ 2. ಒಂದು ಸೊನ್ನೆ ಕಡಿಮೆಯಿದೆ ಅಂತ ಮುಂದೆ ಅಂಟಿಸಿದರೆ "0-5". ಇದು ಸಂಖ್ಯೆಯೇ ಅಲ್ಲ, ಸೊನ್ನೆಯಿಂದ ಐದು ಕಳೆಯಿರಿ ಅಂದಂತಿದೆ. ಹ್ಯಾಸ್ಕೆಲ್‌ನ ‘ರೀಡ್’ ಇದನ್ನು ವಾಪಸ್ ಇಂಟಿಜರ್ ಮಾಡಲು ಒಪ್ಪುವುದಿಲ್ಲ.

ಕೈಯಲ್ಲಿ ಬರೆದ ಕೋಡ್‌ನಲ್ಲಿ ಮಾತ್ರ ಹೀಗಾಗುತ್ತದೆ ಅಂದುಕೊಳ್ಳಬೇಡಿ. ಎಲಿಕ್ಸಿರ್ ಭಾಷೆಯಲ್ಲಿ ಇಂಟಿಜರನ್ನು ಸ್ಟ್ರಿಂಗ್ ಮಾಡಿ, ಎಡಕ್ಕೆ ತುಂಬುವ ‘ಪ್ಯಾಡ್ ಲೀಡಿಂಗ್’ಗೆ ಕಳಿಸಿದರೂ "0-5"ಯೇ ಬರುವುದು. ಅದಕ್ಕೆ ಸಿಗುವುದು ಬರೀ ಸ್ಟ್ರಿಂಗ್, ಒಳಗಿರುವುದು ಸಂಖ್ಯೆ ಅಂತ ಗೊತ್ತಾಗುವ ದಾರಿಯೇ ಇಲ್ಲ. ಹ್ಯಾಸ್ಕೆಲ್‌ನ ಟೆಕ್ಸ್ಟ್ ಲೈಬ್ರರಿಯ ‘ಜಸ್ಟಿಫೈ ರೈಟ್’ ಕಥೆಯೂ ಅಷ್ಟೇ. ಕಾಮನ್ ಲಿಸ್ಪ್‌ನ ‘ಫಾರ್ಮ್ಯಾಟ್’ಗಂತೂ ಸಂಖ್ಯೆಯೇ ಸಿಗುತ್ತದೆ, ಆದರೂ ಅದು ತುಂಬುವ ಅಕ್ಷರವನ್ನು ಮೈನಸ್ ಚಿಹ್ನೆಗೂ ಮುಂಚೆ ಇಡುತ್ತದೆ. ಪ್ರಿಂಟ್‌ಎಫ್ ಮಾದರಿಯ, ಅಂದರೆ ಹೇಗೆ ಬರೆಯಬೇಕು ಅನ್ನುವುದನ್ನು ಒಂದು ಪುಟ್ಟ ಸಂಕೇತದಲ್ಲಿ ಕೇಳುವ ಫಂಕ್ಷನ್‌ಗಳು ಮಾತ್ರ ಚಿಹ್ನೆಯನ್ನು ಮೊದಲು ಬರೆದು, ಆಮೇಲೆ ಸೊನ್ನೆ ತುಂಬಿ "-05" ಕೊಡುತ್ತವೆ.

ಸರಿ ಮಾಡುವುದು ಹೇಗೆ? ಥಟ್ಟನೆ ಹೊಳೆಯುವುದು ಇದು: ಸಂಖ್ಯೆ ಸೊನ್ನೆಗಿಂತ ಕಡಿಮೆಯಾದರೆ ‘ಆಬ್ಸ್’ ಹಾಕಿ ಧನ ಸಂಖ್ಯೆ ಮಾಡಿಕೊಳ್ಳಿ, ಸೊನ್ನೆ ತುಂಬಿ, ಮುಂದೆ ಮೈನಸ್ ಅಂಟಿಸಿ. ಒಂದೇ ಒಂದು ಸಂಖ್ಯೆಯನ್ನು ಬಿಟ್ಟು ಉಳಿದೆಲ್ಲಕ್ಕೂ ಇದು ಸರಿ. 64 ಬಿಟ್‌ನ ಇಂಟ್‌ನಲ್ಲಿ ಎಲ್ಲಕ್ಕಿಂತ ಚಿಕ್ಕದು -9223372036854775808. ಎಲ್ಲಕ್ಕಿಂತ ದೊಡ್ಡದು 9223372036854775807. ಕೊನೆಯ ಅಂಕಿ ನೋಡಿ, 8 ಮತ್ತು 7. ಚಿಕ್ಕದರ ಧನ ರೂಪ ಆ ಟೈಪ್‌ನಲ್ಲಿ ಹಿಡಿಸುವುದೇ ಇಲ್ಲ. ಹಾಗಾಗಿ ‘ಆಬ್ಸ್’ ಅದನ್ನು ಹಾಗೇ, ಮೈನಸ್ ಸಮೇತ ವಾಪಸ್ ಕೊಡುತ್ತದೆ. ನಾವು ಅದರ ಮುಂದೆ ಇನ್ನೊಂದು ಮೈನಸ್ ಅಂಟಿಸುತ್ತೇವೆ. ಹೊರಗೆ ಬರುವುದು ಎರಡು ಮೈನಸ್ ಇರುವ ಸ್ಟ್ರಿಂಗ್.

ಇದಕ್ಕೆ ಗಣಿತದ ಕಡೆಯಿಂದ ಹೋಗದೆ ಬರವಣಿಗೆಯ ಕಡೆಯಿಂದ ಹೋದರೆ ಸಲೀಸು. ‘ಶೋ’ ಆ ಚಿಕ್ಕ ಸಂಖ್ಯೆಯನ್ನೂ ಸರಿಯಾಗೇ ಬರೆಯುತ್ತದೆ. ಅದು ಬರೆದದ್ದರ ಮೊದಲ ಅಕ್ಷರ ನೋಡಿದರೆ ಆಯಿತು:

    ಪ್ಯಾಡ್ ಅಗಲ ಸಂಖ್ಯೆ = ಕೇಸ್ ಶೋ ಸಂಖ್ಯೆ ಆಫ್
        '-' : ಉಳಿದದ್ದು -> '-' : ತುಂಬು (ಅಗಲ - 1) ಉಳಿದದ್ದು
        ಅಂಕಿಗಳು -> ತುಂಬು ಅಗಲ ಅಂಕಿಗಳು

ಬೆಲೆಯ ಆಕಾರ ನೋಡಿ ದಾರಿ ಆರಿಸುವ ಪ್ಯಾಟರ್ನ್ ಮ್ಯಾಚಿಂಗ್‌ನ ಸೊಗಸು ಇಲ್ಲಿದೆ. ಮೈನಸ್‌ನಿಂದ ಶುರುವಾದರೆ ಅದನ್ನು ಬದಿಗಿಟ್ಟು ಉಳಿದದ್ದಕ್ಕೆ ಸೊನ್ನೆ ತುಂಬು, ಇಲ್ಲವಾದರೆ ಇಡೀ ಸ್ಟ್ರಿಂಗ್‌ಗೆ ತುಂಬು. ಓದಿದರೆ ಮಾತಿನಂತೆಯೇ ಇದೆ.

ಇಲ್ಲಿ ‘ಅಗಲ - 1’ ಅಂತ ಬರೆದೆವು, ಗಮನಿಸಿದಿರಾ? ಮೈನಸ್ ಚಿಹ್ನೆಯೂ ಒಂದು ಜಾಗ ತಿನ್ನುತ್ತದೆ ಅಂತ ನಾವು ತೀರ್ಮಾನಿಸಿದೆವು, ಅದಕ್ಕೇ ಮೈನಸ್ 5 ಹೋಗಿ "-05" ಆಗುತ್ತದೆ. ಆ ‘- 1’ ತೆಗೆದರೆ "-005" ಬರುತ್ತದೆ. ಎರಡೂ ಸರಿಯೇ, ಆದರೆ ಬೇರೆ ಬೇರೆ ಮಾತು ಕೊಡುತ್ತವೆ. ಒಂದು ‘ಒಟ್ಟು ಮೂರು ಅಕ್ಷರ’ ಅನ್ನುತ್ತದೆ, ಇನ್ನೊಂದು ‘ಮೂರು ಅಂಕಿ’ ಅನ್ನುತ್ತದೆ. ಎಫ್ ಶಾರ್ಪ್ ಭಾಷೆಯಲ್ಲಿ ಈ ಎರಡೂ ಪಕ್ಕಪಕ್ಕದಲ್ಲೇ ಸಿಗುತ್ತವೆ. ‘ಎಸ್‌ಪ್ರಿಂಟ್‌ಎಫ್’ಗೆ "%03ಡಿ" ಕೊಟ್ಟರೆ "-05". ಅದೇ ಸಂಖ್ಯೆಯನ್ನು ಡಾಟ್‌ನೆಟ್‌ನ ‘ಟು ಸ್ಟ್ರಿಂಗ್’ಗೆ "ಡಿ3" ಜೊತೆ ಕಳಿಸಿದರೆ "-005". ಒಂದೇ ಪ್ರೋಗ್ರಾಂನಲ್ಲಿ ಇಬ್ಬರು ಒಂದೊಂದು ದಾರಿ ಹಿಡಿದರೆ ಕಾಲಮ್‌ಗಳು ಹೊಂದುವುದಿಲ್ಲ, ಕಾರಣ ಹುಡುಕಲು ಅರ್ಧ ದಿನ ಹೋಗುತ್ತದೆ.

ಇನ್ನೊಂದು ಮಾತು. ಋಣ ಸಂಖ್ಯೆಗಳಿಗೆ ಸೊನ್ನೆ ತುಂಬಿದರೆ ಅಗಲ ಒಂದೇ ಆಗುತ್ತದೆ, ಕ್ರಮ ಮಾತ್ರ ಸರಿಯಾಗುವುದಿಲ್ಲ. "-05" ಮತ್ತು "-12" ಹೋಲಿಸಿದರೆ "-05" ಮೊದಲು ಬರುತ್ತದೆ, ಆದರೆ ಚಿಕ್ಕ ಸಂಖ್ಯೆ ಮೈನಸ್ 12 ಅಲ್ವಾ? ಸ್ಟ್ರಿಂಗ್ ಕ್ರಮ ನಂಬಿಕೊಂಡಿದ್ದರೆ ಋಣ ಸಂಖ್ಯೆಗಳನ್ನು ಹತ್ತಿರ ಬಿಟ್ಟುಕೊಳ್ಳಬೇಡಿ.

‘ಶೋ’ ಬಿಟ್ಟು ಅಂಕಿಗಳನ್ನು ನಾವೇ ಒಂದೊಂದಾಗಿ ತೆಗೆಯಬೇಕು ಅನ್ನಿಸುವವರೂ ಇದ್ದಾರೆ. ಕಲಿಯಲು ಅದು ಒಳ್ಳೆಯ ಅಭ್ಯಾಸವೇ. 253ನ್ನು ಹತ್ತರಿಂದ ಭಾಗಿಸಿದರೆ ಭಾಗಲಬ್ಧ 25, ಶೇಷ 3. ಮತ್ತೆ ಭಾಗಿಸಿದರೆ 2 ಮತ್ತು 5. ಹೀಗೆ ಸೊನ್ನೆ ಬರುವ ತನಕ ಹೋಗಿ, ಶೇಷಗಳನ್ನು ಹಿಂದುಮುಂದಾಗಿ ಜೋಡಿಸುವುದು. ಹ್ಯಾಸ್ಕೆಲ್‌ನ ‘ಅನ್‌ಫೋಲ್ಡ್‌ಆರ್’ ಒಂದು ಬೆಲೆಯಿಂದ ಇಡೀ ಪಟ್ಟಿ ಬಿಚ್ಚುವ ಇಂಥ ಕೆಲಸಕ್ಕೇ ಇರುವುದು. ಇದನ್ನು, ಭಾಗಲಬ್ಧ ಶೇಷ ಎರಡನ್ನೂ ಕೊಡುವ ‘ಡಿವ್‌ಮಾಡ್’ ಬಳಸಿ ಬರೆದು ಮೈನಸ್ 5 ಕೊಟ್ಟು ನೋಡಿ. ಹ್ಯಾಸ್ಕೆಲ್‌ನ ‘ಡಿವ್’ ಯಾವಾಗಲೂ ಕೆಳಕ್ಕೆ ಇಳಿಸುತ್ತದೆ. ಮೈನಸ್ 5ನ್ನು 10ರಿಂದ ಭಾಗಿಸಿದರೆ ಭಾಗಲಬ್ಧ ಮೈನಸ್ 1, ಶೇಷ 5. ಮೈನಸ್ 1ನ್ನು ಮತ್ತೆ ಭಾಗಿಸಿದರೆ ಭಾಗಲಬ್ಧ ಮತ್ತೆ ಮೈನಸ್ 1, ಶೇಷ 9. ಇನ್ನು ಮುಂದೆ ಬರೀ 9, 9, 9. ಸೊನ್ನೆ ಯಾವತ್ತೂ ಬರುವುದಿಲ್ಲ, ಪ್ರೋಗ್ರಾಂ ನಿಲ್ಲುವುದಿಲ್ಲ.

ಇದೇ ಕೋಡ್‌ಗೆ 0 ಕೊಟ್ಟರೆ ಇನ್ನೊಂದು ಸಮಸ್ಯೆ ಮರೆಯಲ್ಲೇ ಉಳಿಯುತ್ತದೆ. ಶುರುವಿನಲ್ಲೇ ಸೊನ್ನೆ ಇರುವುದರಿಂದ ಒಂದು ಅಂಕಿಯೂ ತೆಗೆಯದೆ ಖಾಲಿ ಸ್ಟ್ರಿಂಗ್ ಸಿಗುತ್ತದೆ. ಅದಕ್ಕೆ ಅಗಲ 3ರಷ್ಟು ಸೊನ್ನೆ ತುಂಬಿದರೆ "000". ಉತ್ತರ ಸರಿ, ಆದರೆ ಬಂದದ್ದು ತಪ್ಪು ದಾರಿಯಲ್ಲಿ. ತುಂಬಿದ ಸೊನ್ನೆಗಳು ತಪ್ಪನ್ನು ಮುಚ್ಚಿಬಿಟ್ಟವು. ಮುಂದೆ ಯಾರೋ ತುಂಬುವುದನ್ನು ತೆಗೆದ ದಿನ 0 ಇರಬೇಕಾದ ಜಾಗ ಖಾಲಿಯಾಗಿ ಕಾಣುತ್ತದೆ.

ಇಷ್ಟೆಲ್ಲ ಯಾಕೆ, ಪ್ರಿಂಟ್‌ಎಫ್ ಇದೆಯಲ್ಲ ಅನ್ನಬಹುದು. ಇದೆ. ದಿನನಿತ್ಯದ ಕೆಲಸಕ್ಕೆ ನಾನೂ ಅದನ್ನೇ ಹೇಳುತ್ತೇನೆ. ಹ್ಯಾಸ್ಕೆಲ್‌ನಲ್ಲಿ ಹೀಗೆ:

    ಪ್ರಿಂಟ್‌ಎಫ್ "%03ಡಿ" 7

ಪರ್ಸೆಂಟ್ ಚಿಹ್ನೆ ಅಂದರೆ ಇಲ್ಲೊಂದು ಬೆಲೆ ಬರುತ್ತದೆ ಅಂತ. ಸೊನ್ನೆ ಅಂದರೆ ಖಾಲಿ ಜಾಗಕ್ಕೆ ಸ್ಪೇಸ್ ಬೇಡ, ಸೊನ್ನೆ ತುಂಬು. 3 ಅಂದರೆ ಕನಿಷ್ಠ ಅಗಲ. ‘ಡಿ’ ಅಂದರೆ ದಶಮಾನದ ಇಂಟಿಜರ್. ಸಿ ಭಾಷೆಯಿಂದ ಬಂದ ಈ ಪುಟ್ಟ ಬರಹವನ್ನು ಬಹಳ ಭಾಷೆಗಳು ಹಾಗೇ ಎತ್ತಿಕೊಂಡಿವೆ. ಅಗಲ ಮೊದಲೇ ಗೊತ್ತಿಲ್ಲದಿದ್ದರೆ 3ರ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ, ಅಗಲವನ್ನು ಬೇರೆಯಾಗಿ ಕೊಡಬಹುದು.

ಆದರೆ ಫಂಕ್ಷನಲ್ ಭಾಷೆಗಳಿಗೆ ಪ್ರಿಂಟ್‌ಎಫ್ ಸ್ವಲ್ಪ ಮುಜುಗರ ತರುತ್ತದೆ. "%03ಡಿ"ಗೆ ಒಂದು ಇಂಟಿಜರ್ ಬೇಕು, "%02ಡಿ:%02ಡಿ"ಗೆ ಎರಡು. ಅಂದರೆ ಫಂಕ್ಷನ್‌ನ ಟೈಪ್ ಒಂದು ಸ್ಟ್ರಿಂಗ್‌ನ ಒಳಗಿರುವುದರ ಮೇಲೆ ನಿಂತಿದೆ. ಟೈಪ್‌ಗಳನ್ನು ಮುಂಚೆಯೇ ನೋಡುವ ಕಂಪೈಲರ್ ಇದನ್ನು ಹೇಗೆ ಪರೀಕ್ಷಿಸಬೇಕು? ಹ್ಯಾಸ್ಕೆಲ್‌ನ ಪ್ರಿಂಟ್‌ಎಫ್ ಟೈಪ್ ಕ್ಲಾಸ್‌ಗಳ (ಒಂದೇ ಹೆಸರಿನ ಫಂಕ್ಷನ್ ಬೇರೆ ಬೇರೆ ಟೈಪ್‌ಗಳಿಗೆ ಕೆಲಸ ಮಾಡುವ ಏರ್ಪಾಡು) ಸಹಾಯದಿಂದ ಎಷ್ಟು ಬೇಕಾದರೂ ಬೆಲೆ ತೆಗೆದುಕೊಳ್ಳುತ್ತದೆ, ಪರೀಕ್ಷೆಯನ್ನು ಮಾತ್ರ ಪ್ರೋಗ್ರಾಂ ಓಡುವಾಗಿನ ಹೊತ್ತಿಗೆ ತಳ್ಳುತ್ತದೆ. "%03ಡಿ"ಗೆ ಸ್ಟ್ರಿಂಗ್ ಕೊಟ್ಟರೂ, ಏನೂ ಕೊಡದೆ ಬಿಟ್ಟರೂ ಕಂಪೈಲ್ ಆಗುತ್ತದೆ. ಓಡಿಸಿದಾಗ ಬೀಳುತ್ತದೆ. ಟೈಪ್‌ಗಳ ಮೇಲೆ ಇಷ್ಟು ಭರವಸೆ ಇಟ್ಟ ಭಾಷೆಯಲ್ಲಿ ಇದು ನೋವಿನ ಸಂಗತಿ.

ಓಕ್ಯಾಮಲ್ ಬೇರೆ ದಾರಿ ಹಿಡಿದಿದೆ. ಅಲ್ಲಿ ಫಾರ್ಮ್ಯಾಟ್ ಬರಹವನ್ನು ಕಂಪೈಲರ್ ತಾನೇ ಓದುತ್ತದೆ. ‘ಎಸ್‌ಪ್ರಿಂಟ್‌ಎಫ್ "%03ಡಿ"’ ಎಂದು ಬರೆದ ಕೂಡಲೇ ಅದು ಇಂಟ್ ತೆಗೆದುಕೊಂಡು ಸ್ಟ್ರಿಂಗ್ ಕೊಡುವ ಫಂಕ್ಷನ್ ಆಗಿರುತ್ತದೆ. ಸ್ಟ್ರಿಂಗ್ ಕೊಟ್ಟರೆ ಕಂಪೈಲೇ ಆಗುವುದಿಲ್ಲ. ಎಫ್ ಶಾರ್ಪ್ ಕೂಡ ಹೀಗೇ. ಕ್ಲೋಜರ್‌ಗೆ ಮುಂಚಿತ ಟೈಪ್ ಪರೀಕ್ಷೆಯೇ ಇಲ್ಲ. ಅದರ ‘ಫಾರ್ಮ್ಯಾಟ್’ ಜಾವಾದ ಫಾರ್ಮ್ಯಾಟರ್‌ಗೆ ಕೆಲಸ ಒಪ್ಪಿಸುತ್ತದೆ, "%03ಡಿ"ಗೆ 7.0 ಕೊಟ್ಟರೆ ಓಡುವಾಗ ಎಕ್ಸೆಪ್ಶನ್ ಎಸೆಯುತ್ತದೆ.

ಕಂಪೈಲರ್‌ನಲ್ಲಿ ವಿಶೇಷ ಏರ್ಪಾಡಿಲ್ಲದೆ ಇದನ್ನು ಮಾಡಲಾಗದೇ? ಆಗುತ್ತದೆ ಅಂತ 1998ರಲ್ಲಿ ಕಂಪ್ಯೂಟರ್ ವಿಜ್ಞಾನಿ ಒಲಿವಿಯರ್ ಡಾನ್ವಿ ತೋರಿಸಿಕೊಟ್ಟರು. ಅವರ ಉಪಾಯ ಇಷ್ಟು: ಫಾರ್ಮ್ಯಾಟನ್ನು ಸ್ಟ್ರಿಂಗ್ ಆಗಿ ಬರೆಯುವುದನ್ನೇ ಬಿಡಿ, ಫಂಕ್ಷನ್‌ಗಳ ಜೋಡಣೆಯಾಗಿ ಬರೆಯಿರಿ. ‘ಎರಡು ಅಂಕಿಯ ಇಂಟ್’ ಅನ್ನುವುದು ಒಂದು ಫಂಕ್ಷನ್, ‘ಕೋಲನ್ ಚಿಹ್ನೆ’ ಇನ್ನೊಂದು ಫಂಕ್ಷನ್. ಗಂಟೆ ನಿಮಿಷ ಬರೆಯಲು ಇವನ್ನು ಕಾಂಪೊಸಿಶನ್‌ನಿಂದ, ಅಂದರೆ ಒಂದರ ಉತ್ತರವನ್ನು ಇನ್ನೊಂದಕ್ಕೆ ಕೊಟ್ಟು, ಸೇರಿಸಿದರೆ, ಎರಡು ಇಂಟ್ ಬೇಕು ಅನ್ನುವ ಟೈಪ್ ತಾನಾಗಿ ಮೂಡುತ್ತದೆ. ಪ್ರತಿಯೊಂದು ತುಂಡೂ ‘ಮುಂದೆ ಏನು ಮಾಡಬೇಕು’ ಅನ್ನುವುದನ್ನು ಒಂದು ಫಂಕ್ಷನ್ ಆಗಿ ಪಡೆಯುವುದರಿಂದ ಇದು ಸಾಧ್ಯ. ಸಾಮಾನ್ಯ ಟೈಪ್ ವ್ಯವಸ್ಥೆಯೇ ಸಾಕು. ಸೊನ್ನೆ ತುಂಬುವಂಥ ಪುಟ್ಟ ಕೆಲಸದ ಬೆನ್ನು ಹತ್ತಿದರೆ ಇಷ್ಟು ದೂರ ಬರಬಹುದು ಅನ್ನುವುದೇ ನನಗೆ ಖುಷಿ.

ನಮ್ಮ ‘ಪ್ಯಾಡ್’ಗೆ ವಾಪಸ್ ಬರೋಣ. ಅಗಲವನ್ನು ಮೊದಲು, ಸಂಖ್ಯೆಯನ್ನು ಆಮೇಲೆ ಇಟ್ಟದ್ದು ಬೇಕಂತಲೇ. ‘ಪ್ಯಾಡ್ 2’ ಅಂತ ಬರೆದು ನಿಲ್ಲಿಸಿದರೆ ಅದೇ ಒಂದು ಫಂಕ್ಷನ್. ಪಟ್ಟಿಯ ಪ್ರತಿಯೊಂದಕ್ಕೂ ಒಂದು ಫಂಕ್ಷನ್ ಹಾಕುವುದು ‘ಮ್ಯಾಪ್’. ‘ಮ್ಯಾಪ್ (ಪ್ಯಾಡ್ 2) [9, 5, 30]’ ಅಂದರೆ "09", "05", "30". ಅಗಲ ಒಮ್ಮೆ ನಿಲ್ಲುತ್ತದೆ, ಸಂಖ್ಯೆಗಳು ಬದಲಾಗುತ್ತಿರುತ್ತವೆ, ಹಾಗಾಗಿ ಕಡಿಮೆ ಬದಲಾಗುವುದು ಮೊದಲು. ಎಲಿಕ್ಸಿರ್‌ನಲ್ಲಿ ಇದು ತಿರುಗುಮುರುಗು. ಅಲ್ಲಿ ಪೈಪ್ ಚಿಹ್ನೆ ಎಡಗಡೆಯ ಬೆಲೆಯನ್ನು ಮೊದಲ ಜಾಗಕ್ಕೆ ತಳ್ಳುತ್ತದೆ, ಅದಕ್ಕೇ ‘ಪ್ಯಾಡ್ ಲೀಡಿಂಗ್’ ಸ್ಟ್ರಿಂಗನ್ನು ಮೊದಲು ಕೇಳುತ್ತದೆ.

ಫೈಲ್ ಹೆಸರುಗಳಿಗೆ ಅಗಲವನ್ನು ಕೈಯಲ್ಲಿ ಬರೆಯುವುದಕ್ಕಿಂತ ಪಟ್ಟಿಯಿಂದಲೇ ತೆಗೆಯಿರಿ. ಎಲ್ಲ ಸಂಖ್ಯೆಗಳನ್ನೂ ‘ಶೋ’ ಮಾಡಿ, ಉದ್ದಗಳಲ್ಲಿ ದೊಡ್ಡದನ್ನು ಆರಿಸಿದರೆ ಅದೇ ಅಗಲ. ಆದರೆ ಪಟ್ಟಿ ಮುಂದೆ ಬೆಳೆಯುವುದಿದ್ದರೆ ಇದು ಬೇಡ. 99 ಫೈಲ್ ಇದ್ದಾಗ ಅಗಲ 2 ಇರುತ್ತದೆ, ನೂರನೆಯದು ಬಂದ ದಿನ ಹಳೆಯ ಹೆಸರುಗಳ ಜೊತೆ ಹೊಂದುವುದಿಲ್ಲ.

ಸೊನ್ನೆ ತುಂಬದೆ ಇದ್ದರೆ ಅಂದ ಕೆಡುವುದಷ್ಟೇ ಅಲ್ಲ, ಮಾಹಿತಿಯೇ ಕೆಡುವ ಜಾಗ ಒಂದಿದೆ. ಅದು ಬೈಟ್‌ಗಳನ್ನು (0ರಿಂದ 255ರ ತನಕದ ಬೆಲೆಗಳನ್ನು) ಹದಿನಾರರ ಮಾನದಲ್ಲಿ, ಅಂದರೆ ಹೆಕ್ಸ್‌ನಲ್ಲಿ ಬರೆಯುವಾಗ. 1 ಮತ್ತು 17 ಅನ್ನುವ ಎರಡು ಬೈಟ್ ತೆಗೆದುಕೊಳ್ಳಿ. ಹೆಕ್ಸ್‌ನಲ್ಲಿ 1 ಅಂದರೆ "1", 17 ಅಂದರೆ "11". ಜೋಡಿಸಿದರೆ "111". ಈಗ ಅದಲು ಬದಲು ಮಾಡಿ, 17 ಮತ್ತು 1. "11" ಜೊತೆ "1", ಮತ್ತೆ "111". ಎರಡು ಬೇರೆ ಮಾಹಿತಿಗೆ ಒಂದೇ ಬರಹ! ಎರಡೆರಡು ಅಂಕಿಗೆ ತುಂಬಿದರೆ "0111" ಮತ್ತು "1101", ಗೊಂದಲವಿಲ್ಲ. ಹ್ಯಾಶ್ ಬೆಲೆಗಳನ್ನು (ಮಾಹಿತಿಯ ಗುರುತಾಗಿ ಲೆಕ್ಕ ಹಾಕಿದ ಬೈಟ್‌ಗಳನ್ನು) ಬರೆಯುವ ಕೋಡ್‌ನಲ್ಲಿ ಈ ತಪ್ಪು ನುಸುಳಿದರೆ ಬೇಗ ಸಿಗುವುದಿಲ್ಲ, ಯಾಕೆಂದರೆ 16ಕ್ಕಿಂತ ಕಡಿಮೆಯ ಬೈಟ್ ಬಂದಾಗ ಮಾತ್ರ ಅದು ತಲೆ ಎತ್ತುತ್ತದೆ. ಹ್ಯಾಸ್ಕೆಲ್‌ನ ‘ಶೋ ಹೆಕ್ಸ್’ ತಾನಾಗಿ ಸೊನ್ನೆ ತುಂಬುವುದಿಲ್ಲ. ಬೈಟ್‌ಸ್ಟ್ರಿಂಗ್ ಲೈಬ್ರರಿಯ ಬಿಲ್ಡರ್‌ನಲ್ಲಿರುವ ‘ವರ್ಡ್8 ಹೆಕ್ಸ್ ಫಿಕ್ಸ್ಡ್’ ಯಾವಾಗಲೂ ಎರಡು ಅಂಕಿ ಬರೆಯುತ್ತದೆ, ಅದನ್ನೇ ಬಳಸಿ. ತುಂಬ ಬೈಟ್‌ಗಳಿದ್ದಾಗ ವೇಗವೂ ಜಾಸ್ತಿ.

ಬರೆದದ್ದು ಸರಿಯೇ ಅಂತ ನೋಡಲು ಹ್ಯಾಸ್ಕೆಲ್‌ನವರ ಬಳಿ ಕ್ವಿಕ್‌ಚೆಕ್ ಇದೆ. 2000ರಲ್ಲಿ ಕೋಯೆನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ ಇದನ್ನು ಪರಿಚಯಿಸಿದರು. ಒಂದೊಂದೇ ಉದಾಹರಣೆ ಕೊಡುವ ಬದಲು, ಯಾವಾಗಲೂ ನಿಜವಾಗಿರಬೇಕಾದ ಮಾತನ್ನು ಬರೆಯುತ್ತೇವೆ. ಅದು ಮನಬಂದ ಸಂಖ್ಯೆಗಳನ್ನು ಹುಟ್ಟಿಸಿ ಆ ಮಾತನ್ನು ಮುರಿಯಲು ನೋಡುತ್ತದೆ. ನಮಗೆ ಬೇಕಾದ ಮಾತುಗಳು ಎರಡು: ಬಂದ ಸ್ಟ್ರಿಂಗ್‌ನ ಉದ್ದ ಅಗಲಕ್ಕಿಂತ ಕಡಿಮೆ ಇರಬಾರದು, ಮತ್ತು ಅದನ್ನು ‘ರೀಡ್’ ಮಾಡಿದರೆ ಕೊಟ್ಟ ಸಂಖ್ಯೆಯೇ ವಾಪಸ್ ಬರಬೇಕು. ಅಂಕಿ ಕತ್ತರಿಸುವ ಕೋಡ್ ಎರಡನೆಯ ಮಾತಿಗೆ ಸಿಕ್ಕಿಬೀಳುತ್ತದೆ. "0-5" ಕೊಡುವ ಕೋಡ್ ಕೂಡ ಅಲ್ಲೇ ಬೀಳುತ್ತದೆ. ಎರಡು ಮೈನಸ್‌ನ ತಪ್ಪು ಮಾತ್ರ ತಪ್ಪಿಸಿಕೊಳ್ಳುತ್ತದೆ, ಯಾಕೆಂದರೆ ಇಂಟ್‌ಗೆ ಕ್ವಿಕ್‌ಚೆಕ್ ತಾನಾಗಿ ಹುಟ್ಟಿಸುವುದು ಸೊನ್ನೆಯ ಆಸುಪಾಸಿನ ಚಿಕ್ಕ ಸಂಖ್ಯೆಗಳನ್ನು. ಆ ಹತ್ತೊಂಬತ್ತು ಅಂಕಿಯ ಸಂಖ್ಯೆ ಅದರ ದಾರಿಗೆ ಬರುವುದೇ ಇಲ್ಲ. ಹ್ಯಾಸ್ಕೆಲ್‌ನಲ್ಲಿ ಅದರ ಹೆಸರು ‘ಮಿನ್ ಬೌಂಡ್’. ಅದಕ್ಕೊಂದು ಪರೀಕ್ಷೆಯನ್ನು ಬೇರೆಯಾಗಿ, ಕೈಯಾರೆ ಬರೆದು ಸೇರಿಸಿ.